ಬ್ಯಾಲೆಟ್‌ನ ಕೆಳಗಿನ ಸಾಲಿನಲ್ಲಿ ‘ಆಡಿಟರ್’ ಅಂತ ಇದೆ, ಯಾರಿಗೆ ಹಾಕಲಿ?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಹದಿನಾಲ್ಕು ವರ್ಷದಿಂದ ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯಲ್ಲಿದ್ದೇವೆ. ಕಳೆದ ವರ್ಷ ನಾನೂ ನನ್ನ ಹೆಂಡತಿಯೂ ಸಿಟಿಜನ್ ಆದೆವು. 2026ರ ನವೆಂಬರ್‌ನಲ್ಲಿ ಮೊದಲ ಸಲ ರಾಜ್ಯದ ಚುನಾವಣೆಗೆ ಓಟು ಹಾಕುತ್ತೇವೆ. ಗವರ್ನರ್, ಸೆನೆಟರ್ ಎಲ್ಲ ಟೀವಿ ನೋಡಿದರೆ ಗೊತ್ತಾಗುತ್ತದೆ. ಕೆಳಗೆ ‘ಆಡಿಟರ್’ ಅಂತಲೂ ಒಂದು ಸಾಲು ಇರುತ್ತದಂತೆ. ನಮ್ಮೂರಲ್ಲಿ ಆಡಿಟರ್ ಅಂದರೆ ಮಾರ್ಚ್ ತಿಂಗಳಲ್ಲಿ ನೆನಪಾಗುವ ಸಿ.ಎ. ಇಲ್ಲಿ ಅವರನ್ನೂ ಓಟು ಹಾಕಿ ಆರಿಸಬೇಕಾ? ಸಿ.ಪಿ.ಎ. (ಇಲ್ಲಿನ ಸಿ.ಎ.) ಮಾಡಿದವರಿಗೆ ಹಾಕೋದಾ, ಪಾರ್ಟಿ ನೋಡೋದಾ? ಸುಮ್ನೆ ಖಾಲಿ ಬಿಟ್ಟರೆ ಆಗುತ್ತಾ?

ಉತ್ತರ: ಮೊದಲು ನಿಮಗೊಂದು ಹಳೆಯ ಜಮೆ ನೆನಪಿಸುತ್ತೇನೆ. 2022ರ ನವೆಂಬರ್ ಹೊತ್ತಿಗೆ ರಾಜ್ಯ ಸರ್ಕಾರದಿಂದ ನಿಮ್ಮ ಖಾತೆಗೆ ಸ್ವಲ್ಪ ಹಣ ಬಂದಿರಬೇಕು. ಕೆಲವರಿಗೆ ಅಂಚೆಯಲ್ಲಿ ಚೆಕ್ ಬಂತು. 2021ಕ್ಕೆ ರಾಜ್ಯಕ್ಕೆ ಕಟ್ಟಿದ ಆದಾಯ ತೆರಿಗೆಯ ನೂರಕ್ಕೆ 14ರಷ್ಟು. ನಮ್ಮ ಜನರಲ್ಲಿ ಹಲವರು ಇದೇನೋ ಕೋವಿಡ್ ಪರಿಹಾರ ಅಂದುಕೊಂಡರು. ಇನ್ನು ಕೆಲವರು ಮೋಸದ ಚೆಕ್ ಇರಬಹುದು ಅಂತ ಡ್ರಾಯರ್‌ನಲ್ಲಿ ಇಟ್ಟುಬಿಟ್ಟಿದ್ದರು.

ಅದು 1986ರಲ್ಲಿ ಜನರೇ ಓಟು ಹಾಕಿ ತಂದ ಒಂದು ಕಾನೂನಿನ ಹಣ. ಜನರ ಸಂಬಳ ಏರುವುದಕ್ಕಿಂತ ಜೋರಾಗಿ ಸರ್ಕಾರದ ತೆರಿಗೆ ಆದಾಯ ಏರಿದರೆ, ಮಿತಿ ಮೀರಿದ್ದನ್ನು ವಾಪಸ್ ಕೊಡಬೇಕು ಅಂತ ಅದು ಹೇಳುತ್ತದೆ. 1987ರಲ್ಲಿ ಒಂದು ಸಲ ಕೊಟ್ಟರು, ಆಮೇಲೆ ಎಲ್ಲರೂ ಮರೆತರು. ಮಿತಿ ಮೀರಿದೆಯಾ ಇಲ್ಲವಾ ಅಂತ ಲೆಕ್ಕ ನೋಡಿ ಸಹಿ ಹಾಕಬೇಕಾದವರು ಆಡಿಟರ್. 2022ರ ಸೆಪ್ಟೆಂಬರ್‌ನಲ್ಲಿ ಆಗಿನ ಆಡಿಟರ್ ಸುಝಾನ್ ಬಂಪ್ ಸಹಿ ಹಾಕಿದರು. ಸುಮಾರು 2.94 ಬಿಲಿಯನ್ ಡಾಲರ್ ಜನರ ಕೈಗೆ ಹೋಯಿತು. ಆಗ ನಿಮಗೆ ಓಟು ಇರಲಿಲ್ಲ. ಆದರೂ ಆ ಸಹಿ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ವರೆಗೆ ಬಂತು, ಅಲ್ವಾ?

ಹಾಗಾಗಿ ಖಾಲಿ ಬಿಡಬೇಡಿ. ಯಾಕೆ ಅಂತ ಕೊನೆಗೆ ಇನ್ನೊಂದು ಕಾರಣ ಹೇಳುತ್ತೇನೆ.

ಆರಿಸುವ ಮುಂಚೆ ಈ ಕುರ್ಚಿಗೆ ಏನು ಕೆಲಸ ಅಂತ ತಿಳಿದಿರಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಈ ಹುದ್ದೆ 1849ರಿಂದ ಇದೆ. ಈಗ ರಾಜ್ಯದ ಒಂದು ವರ್ಷದ ಬಜೆಟ್ ಸುಮಾರು 60 ಬಿಲಿಯನ್ ಡಾಲರ್. ಆ ಹಣ ಖರ್ಚು ಮಾಡುವ ಇಲಾಖೆಗಳನ್ನು ಮೂರು ವರ್ಷಕ್ಕೆ ಒಮ್ಮೆಯಾದರೂ ಆಡಿಟರ್ ನೋಡಬೇಕು ಅಂತ ಕಾನೂನು. ಬಡವರಿಗೆ ಕೊಡುವ ಆಹಾರ ಮತ್ತು ಆರೋಗ್ಯ ಸಹಾಯದಲ್ಲಿ ಮೋಸ ನಡೆದರೆ ಪತ್ತೆ ಮಾಡುವ ಒಂದು ದಳ ಇದೇ ಕಚೇರಿಯಲ್ಲಿದೆ. ರಾಜ್ಯ ಸರ್ಕಾರ ಹೊಸ ನಿಯಮ ಮಾಡಿ ‘ನೀವೇ ದುಡ್ಡು ಹಾಕಿ ಮಾಡಿ’ ಅಂತ ನಿಮ್ಮ ಶ್ರೂಸ್‌ಬರಿಯಂಥ ಊರಿನ ತಲೆ ಮೇಲೆ ಹೊರೆ ಹಾಕಿದರೆ, ಅದರ ಲೆಕ್ಕ ಹಾಕಿ ‘ಇದು ರಾಜ್ಯ ಕೊಡಬೇಕಾದ ಹಣ’ ಅಂತ ಹೇಳುವ ವಿಭಾಗವೂ ಇಲ್ಲೇ. ಸರ್ಕಾರಿ ಕೆಲಸವನ್ನು ಖಾಸಗಿಯವರಿಗೆ ವಹಿಸಬೇಕು ಅಂದರೆ, 1993ರ ಕಾನೂನಿನ ಪ್ರಕಾರ ನಿಜವಾಗಿ ಉಳಿತಾಯ ಆಗುತ್ತಾ ಅಂತ ಆಡಿಟರ್ ಮೊದಲು ನೋಡಬೇಕು. ಯೂನಿಯನ್‌ಗಳು ಈ ಚುನಾವಣೆಯನ್ನು ಯಾಕೆ ಅಷ್ಟು ಹತ್ತಿರದಿಂದ ನೋಡುತ್ತವೆ ಅಂತ ಈಗ ಗೊತ್ತಾಯಿತಲ್ಲ. ಸಾಲದ್ದಕ್ಕೆ, ರಾಜ್ಯದ ಇನ್ಸ್‌ಪೆಕ್ಟರ್ ಜನರಲ್ (ಪೊಲೀಸ್ ಅಲ್ಲ, ಸರ್ಕಾರಿ ಹಣದ ಮೋಸ, ಪೋಲು ತನಿಖೆ ಮಾಡುವವರು) ಯಾರಾಗಬೇಕು ಅಂತ ತೀರ್ಮಾನಿಸುವ ಮೂವರಲ್ಲಿ ಗವರ್ನರ್ ಒಬ್ಬರು, ಅಟಾರ್ನಿ ಜನರಲ್ ಒಬ್ಬರು, ಮೂರನೆಯವರು ಆಡಿಟರ್.

ಇಷ್ಟೆಲ್ಲ ಕೆಲಸ ಇದೆ. ಅಧಿಕಾರ? ಯಾರನ್ನೂ ಬಂಧಿಸುವ ಹಾಗಿಲ್ಲ. ಕೇಸು ನಡೆಸಬೇಕಾದವರು ಅಟಾರ್ನಿ ಜನರಲ್. ಇಲಾಖೆಯ ಹಣ ತಡೆಯುವ ಹಾಗಿಲ್ಲ. ವರದಿ ಬರೆಯಬಹುದು. ಅಷ್ಟೇ. ಅದಕ್ಕೇ ‘ನಾನು ಕಳ್ಳರನ್ನು ಜೈಲಿಗೆ ಕಳಿಸುತ್ತೇನೆ’ ಅಂತ ಪ್ರಚಾರ ಮಾಡುವ ಆಡಿಟರ್ ಅಭ್ಯರ್ಥಿಯನ್ನು ಕಂಡರೆ ನನಗೆ ಅಲ್ಲೇ ಅನುಮಾನ. ಒಂದೋ ಅವರಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತು.

ಈಗ ನಿಮ್ಮ ಸಿ.ಪಿ.ಎ. ಪ್ರಶ್ನೆ. ಹುದ್ದೆಗೆ ಅದು ಕಡ್ಡಾಯ ಅಲ್ಲ. 1987ರಿಂದ 2011ರವರೆಗೆ, ಇಪ್ಪತ್ನಾಲ್ಕು ವರ್ಷ ಈ ಕುರ್ಚಿಯಲ್ಲಿ ಕೂತವರು ಜೋ ಡಿನುಚಿ. ಅವರು ಹಿಂದೆ ಬಾಕ್ಸರ್. ಹವ್ಯಾಸಕ್ಕಲ್ಲ, ಮಿಡಲ್‌ವೇಟ್‌ನಲ್ಲಿ ಹೆಸರು ಮಾಡಿದ ವೃತ್ತಿಪರ ಬಾಕ್ಸರ್. ನಂತರ ಬಂದ ಬಂಪ್ ವಕೀಲರು. 2010ರಲ್ಲಿ ಅವರ ಎದುರು ನಿಂತ ಮೇರಿ ಕಾನಟನ್ ಸಿ.ಪಿ.ಎ. ಸ್ವಲ್ಪದರಲ್ಲಿ ಸೋತರು. ‘ಆಡಿಟರ್ ಹುದ್ದೆಗೆ ಆಡಿಟರ್ ಬೇಡವಾ’ ಅಂತ ಆಗ ಎಷ್ಟೋ ಜನ ತಲೆ ಚಚ್ಚಿಕೊಂಡರು.

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ರಾಜ್ಯದ ಜಮಾಖರ್ಚು ಸರಿ ಇದೆಯಾ ಅಂತ ಕೂಡಿ ಕಳೆದು ನೋಡುವ ವಾರ್ಷಿಕ ಆಡಿಟ್ ಅನ್ನು ರಾಜ್ಯದ ಲೆಕ್ಕಪತ್ರ ಇಡುವ ಕಂಪ್ಟ್ರೋಲರ್ ಕಚೇರಿ ಹೊರಗಿನ ಸಂಸ್ಥೆಯಿಂದ ಮಾಡಿಸುತ್ತದೆ. ಆಡಿಟರ್ ಕಚೇರಿ ಹೆಚ್ಚಾಗಿ ಮಾಡುವುದು ಪರ್ಫಾರ್ಮೆನ್ಸ್ ಆಡಿಟ್. ಕೊಟ್ಟ ಹಣದಲ್ಲಿ ಕೆಲಸ ಆಯಿತಾ? ದೂರು ಬಂದ ನರ್ಸಿಂಗ್ ಹೋಮ್‌ಗೆ ಇನ್ಸ್‌ಪೆಕ್ಟರ್ ಹೇಳಿದ ದಿನಕ್ಕೆ ಹೋದರಾ? ಶಾಲೆ ಬಸ್ ಡ್ರೈವರ್‌ನ ಹಿನ್ನೆಲೆ ಪರೀಕ್ಷೆ ಫೈಲಿನಲ್ಲಿದೆಯಾ? ಇಂಥದ್ದು. ಇದಕ್ಕೆ ಬೇಕಾದ್ದು ಬ್ಯಾಲೆನ್ಸ್ ಶೀಟ್ ಓದುವ ಕಣ್ಣಿಗಿಂತ, ಫೈಲ್ ಕೇಳಿ ತರಿಸಿಕೊಳ್ಳುವ ಹಟ. ಕಚೇರಿಯೊಳಗೆ ಸಿ.ಪಿ.ಎ.ಗಳು ಇದ್ದೇ ಇರುತ್ತಾರೆ. ಇಬ್ಬರು ಅಭ್ಯರ್ಥಿಗಳು ಉಳಿದೆಲ್ಲದರಲ್ಲಿ ಸಮ ಅನ್ನಿಸಿದರೆ ಓದಿದವರಿಗೆ ಹಾಕಿ, ತಪ್ಪಿಲ್ಲ. ಆದರೆ ಅದರಿಂದ ಶುರು ಮಾಡಬೇಡಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಅದಕ್ಕೊಂದು ಜೀಪಿನ ಕತೆ ಹೇಳಬೇಕು.

ಕರ್ನಾಟಕದಲ್ಲಿ ನಾನು ಸರ್ಕಾರಿ ಆಡಿಟ್ ಕೆಲಸಕ್ಕೆ ಸೇರಿದ ಹೊಸದು. ಒಂದು ಜಿಲ್ಲಾ ಕಚೇರಿಗೆ ಮೂರು ಜನರ ಪಾರ್ಟಿ ಹೋಗಿತ್ತು. ಆಡಿಟ್ ತಂಡಕ್ಕೆ ಪಾರ್ಟಿ ಅನ್ನುತ್ತಾರೆ, ರಾಜಕೀಯದ್ದಲ್ಲ. ಕಿರಿಯ ಅಂತ ನನಗೆ ಸಿಕ್ಕಿದ್ದು ಜೀಪಿನ ಲಾಗ್ ಬುಕ್. ಒಂದು ಗುರುವಾರ ಜೀಪು 140 ಕಿಲೋಮೀಟರ್ ಓಡಿದೆ ಅಂತ ಬರೆದಿತ್ತು, ಕೆಳಗೆ ಸಹಿ. ಪಕ್ಕದ ವೋಚರ್ ಫೈಲ್ ತೆಗೆದರೆ ಗ್ಯಾರೇಜ್ ಬಿಲ್. ಅದೇ ಜೀಪು ಬುಧವಾರದಿಂದ ಶುಕ್ರವಾರದವರೆಗೆ ಗ್ಯಾರೇಜಿನಲ್ಲಿತ್ತು, ಕ್ಲಚ್ ಪ್ಲೇಟ್ ಬದಲಿಸಲು. ಕ್ಲಚ್ ಬಿಚ್ಚಿಟ್ಟ ಜೀಪು ಒಂದೇ ದಿನ 140 ಕಿಲೋಮೀಟರ್!

ನಮ್ಮ ಸೀನಿಯರ್‌ಗೆ ತೋರಿಸಿದೆ. ಡೀಸೆಲ್ ಲೆಕ್ಕದಲ್ಲಿ ಕೆಲವು ನೂರು ರೂಪಾಯಿ ಅಷ್ಟೇ. ಆ ಕಚೇರಿಯ ಸಾಹೇಬರು ಸೀನಿಯರ್‌ಗೆ ಕಾಲೇಜು ಗೆಳೆಯ ಬೇರೆ. ಹಿಂದಿನ ರಾತ್ರಿ ಸಾಹೇಬರು ನಮ್ಮ ಮೂವರನ್ನೂ ಮನೆಗೆ ಊಟಕ್ಕೆ ಕರೆದಿದ್ದರು. ಸೀನಿಯರ್ ‘ಹೊಟ್ಟೆ ಸರಿ ಇಲ್ಲ’ ಅಂತ ಹೇಳಿ, ನಮ್ಮನ್ನೂ ಕರಕೊಂಡು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಲ್ಲಿ ಎರಡೆರಡು ಪ್ಲೇಟ್ ಪೂರಿ ತಿಂದಿದ್ದರು. ಯಾಕೆ ಅಂತ ನನಗೆ ಮಾರನೆಯ ದಿನ ಅರ್ಥವಾಯಿತು. ‘ಹಾಫ್ ಮಾರ್ಜಿನ್ ಬರಿ’ ಅಂದರು. ಅಂದರೆ ಹಾಳೆಯನ್ನು ಉದ್ದಕ್ಕೆ ಮಡಿಸಿ, ಒಂದು ಅರ್ಧದಲ್ಲಿ ನಮ್ಮ ಪ್ರಶ್ನೆ ಬರೆದು, ಇನ್ನೊಂದು ಅರ್ಧವನ್ನು ಅವರ ಉತ್ತರಕ್ಕೆ ಖಾಲಿ ಬಿಡುವುದು. ಸಾಯಂಕಾಲ ಉತ್ತರ ಬಂತು: ಕೈತಪ್ಪಿನಿಂದ ಆದ ಬರಹ. ಸೀನಿಯರ್ ಒಪ್ಪಲಿಲ್ಲ. ಪ್ಯಾರಾ, ಅಂದರೆ ವರದಿಯಲ್ಲಿ ಆ ಆಕ್ಷೇಪ, ಉಳಿಯಿತು.

ಮೊತ್ತ ಸಣ್ಣದು. ಆದರೆ ಆ ಕಚೇರಿಯಲ್ಲಿ ಒಬ್ಬರೂ ‘ಬೇಕಂತಲೇ ಬರೆದರು’ ಅನ್ನಲಿಲ್ಲ. ಅನ್ನಲು ಆಗಲಿಲ್ಲ. ಗೆಳೆಯನ ಮೇಲೆಯೇ ಬರೆದಿದ್ದರು, ಅವನ ಮನೆಯ ಅನ್ನ ತಿಂದಿರಲಿಲ್ಲ.

ಆಡಿಟರ್ ಹತ್ತಿರ ಇರುವುದು ಬರೀ ಕಾಗದ ಅಂದೆನಲ್ಲ. ಆ ಕಾಗದ ಮೇಜಿನ ಮೇಲೆ ಬಿದ್ದಾಗ, ‘ಅವರು ಆ ಪಾರ್ಟಿಯವರು, ಅದಕ್ಕೆ ಹೀಗೆ ಬರೆದಿದ್ದಾರೆ’ ಅಂತ ಒಂದೇ ಮಾತಲ್ಲಿ ತಳ್ಳಿಹಾಕಲು ಆಗುತ್ತಾ, ಇಲ್ಲವಾ? ನಾನು ಅಭ್ಯರ್ಥಿಯಲ್ಲಿ ನೋಡುವುದು ಇದನ್ನು. ಅವರಿಗೆ ಸರಿಯಾದ ಹೊತ್ತಿಗೆ ಹೊಟ್ಟೆ ಸರಿ ಇರುವುದಿಲ್ಲವಾ ಅಂತ.

ಅಮೆರಿಕದ ಸರ್ಕಾರಿ ಆಡಿಟರ್‌ಗಳು ಪಾಲಿಸುವ ನಿಯಮದ ಪುಸ್ತಕಕ್ಕೆ ‘ಯೆಲ್ಲೋ ಬುಕ್’ ಅಂತ ಹೆಸರು. ವಾಷಿಂಗ್ಟನ್‌ನ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್ ಅದನ್ನು ಹೊರಡಿಸುತ್ತದೆ. ಅದೂ ಇದನ್ನೇ ಹೇಳುತ್ತದೆ: ಸ್ವತಂತ್ರವಾಗಿದ್ದರೆ ಸಾಲದು, ಸ್ವತಂತ್ರವಾಗಿ ಕಾಣಬೇಕು.

ನಮ್ಮ ದೇಶದ ಒಂದು ಉದಾಹರಣೆ ನೋಡಿ. ಟಿ.ಎನ್. ಚತುರ್ವೇದಿ ನಿಮಗೆ ನೆನಪಿರಬಹುದು. 2002ರಿಂದ 2007ರವರೆಗೆ ಕರ್ನಾಟಕದ ರಾಜ್ಯಪಾಲರು. ಅದಕ್ಕೂ ಮೊದಲು, 1984ರಿಂದ 1990ರವರೆಗೆ ಅವರು ಸಿ.ಎ.ಜಿ., ಅಂದರೆ ದೇಶದ ಮುಖ್ಯ ಸರ್ಕಾರಿ ಆಡಿಟರ್. 1989ರಲ್ಲಿ ಬೊಫೋರ್ಸ್ ಫಿರಂಗಿ ಖರೀದಿ ಮೇಲಿನ ಅವರ ವರದಿ ಬಂದಾಗ ಲೋಕಸಭೆಯ ವಿರೋಧ ಪಕ್ಷದ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಆಮೇಲೆ ಚತುರ್ವೇದಿ ಬಿಜೆಪಿಯಿಂದ ರಾಜ್ಯಸಭೆಗೆ ಹೋದರು. ವರದಿಯಲ್ಲಿದ್ದ ಒಂದು ಅಂಕಿಯೂ ಅದರಿಂದ ಬದಲಾಗಲಿಲ್ಲ. ಆದರೂ ವರದಿಯನ್ನು ಇಷ್ಟಪಡದವರಿಗೆ ಹೇಳಿಕೊಳ್ಳಲು ಒಂದು ಮಾತು ಸಿಕ್ಕಿತು. ನಮ್ಮಲ್ಲಿ ಸಿ.ಎ.ಜಿ.ಯನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಆರು ವರ್ಷ ಅಥವಾ 65 ವಯಸ್ಸು, ಓಟಿನ ಗೊಡವೆ ಇಲ್ಲ. ಹಾಗಿದ್ದೂ ಈ ಮಾತು ತಪ್ಪಲಿಲ್ಲ. ಇನ್ನು ಪಾರ್ಟಿ ಟಿಕೆಟ್ ಮೇಲೆ ಗೆದ್ದು ಬರುವ ಆಡಿಟರ್ ಕತೆ ಏನಿರಬೇಡ?

‘ಆಡಿಟರ್‌ನ ಚುನಾವಣೆ ಮಾಡೋದಾ’ ಅಂತ ಆಶ್ಚರ್ಯಪಟ್ಟಿದ್ದೀರಿ. ಅಮೆರಿಕದಲ್ಲೂ ಎಲ್ಲ ಕಡೆ ಇಲ್ಲ. ಸುಮಾರು ಅರ್ಧ ರಾಜ್ಯಗಳಲ್ಲಿ ಇದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂ ಜೆರ್ಸಿಯಲ್ಲಿರುವ ನಿಮ್ಮ ನೆಂಟರನ್ನು ಕೇಳಿ, ಅವರ ಬ್ಯಾಲೆಟ್‌ನಲ್ಲಿ ಈ ಸಾಲೇ ಇರುವುದಿಲ್ಲ. ಅಲ್ಲಿ ನೇಮಕ. ಪೆನ್ಸಿಲ್ವೇನಿಯಾ, ವಾಷಿಂಗ್ಟನ್, ಮಿನೆಸೋಟ, ನಾರ್ತ್ ಕ್ಯಾರೊಲೈನಾದಲ್ಲಿ ನಿಮ್ಮ ಹಾಗೇ ಚುನಾವಣೆ. ಶಾಸಕರು ನೇಮಿಸಿದ ಆಡಿಟರ್ ಶಾಸಕರ ಲೆಕ್ಕ ಕೇಳುವುದು ಕಷ್ಟ. ಗವರ್ನರ್ ನೇಮಿಸಿದವರು ಗವರ್ನರ್‌ನ ಕೇಳುವುದು ಕಷ್ಟ. ಜನ ಆರಿಸಿದರೆ ಆ ಎರಡು ಕಷ್ಟ ಇಲ್ಲ. ಬದಲಿಗೆ ಮುಂದಿನ ಚುನಾವಣೆಯ ಆಸೆ ಅನ್ನುವ ಮೂರನೆಯದು ಬರುತ್ತದೆ. ಮಿಸೂರಿಯಲ್ಲಿ ಆಡಿಟರ್ ಆಗಿದ್ದ ಕಿಟ್ ಬಾಂಡ್, ಜಾನ್ ಆಶ್‌ಕ್ರಾಫ್ಟ್, ಕ್ಲೇರ್ ಮೆಕ್ಯಾಸ್ಕಿಲ್ ಮೂವರೂ ಮುಂದೆ ಅಮೆರಿಕದ ಸೆನೆಟ್ ಸೇರಿದರು. ಏಣಿ ಹತ್ತುವುದು ತಪ್ಪಲ್ಲ. ಆದರೆ ಅಭ್ಯರ್ಥಿ ಏಣಿಯ ಮೆಟ್ಟಿಲನ್ನು ನೋಡುತ್ತಿದ್ದಾರಾ ಇಲ್ಲವೇ ತುದಿಯನ್ನಾ ಅಂತ ಗಮನಿಸಿ.

ಈ ಸಲದ ಹೆಸರುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದು ನಿಮ್ಮ ಓಟು. ಬದಲಿಗೆ 2022ರಲ್ಲಿ ನಿಮ್ಮದೇ ರಾಜ್ಯದಲ್ಲಿ ನಡೆದದ್ದನ್ನು ಬಿಡಿಸಿ ತೋರಿಸುತ್ತೇನೆ. ಫಲಿತಾಂಶ ಗೊತ್ತಿರುವ ಪಂದ್ಯವನ್ನು ಮತ್ತೆ ನೋಡಿದರೆ ಆಟ ಚೆನ್ನಾಗಿ ಅರ್ಥವಾಗುತ್ತದೆ.

ಬಂಪ್ ಮತ್ತೆ ನಿಲ್ಲಲಿಲ್ಲ. ಡೆಮಾಕ್ರಟ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಮೊದಲ ಸುತ್ತಿನ ಓಟಿನಲ್ಲಿ, ಇಬ್ಬರು. ಒಬ್ಬರು ಕ್ರಿಸ್ ಡೆಂಪ್ಸಿ. ಸಾರಿಗೆ ಇಲಾಖೆಯಲ್ಲಿ ಕೆಲಸ ಮಾಡಿದ್ದವರು. ಬಾಸ್ಟನ್‌ಗೆ 2024ರ ಒಲಿಂಪಿಕ್ಸ್ ತರುತ್ತೇವೆ ಅಂತ ದೊಡ್ಡವರೆಲ್ಲ ಹೊರಟಾಗ, ಖರ್ಚು ಮಿತಿ ಮೀರಿದರೆ ತೆರಿಗೆ ಕಟ್ಟುವವರ ತಲೆಗೆ ಬರುತ್ತದೆ ಅಂತ ಎದುರು ನಿಂತ ಗುಂಪಿನ ಮುಂದಾಳುಗಳಲ್ಲಿ ಒಬ್ಬರು. 2015ರ ಜುಲೈನಲ್ಲಿ ಆ ಪ್ರಯತ್ನ ಬಿದ್ದುಹೋಯಿತು. ಬಂಪ್ ಬೆಂಬಲ ಇವರಿಗೆ. ಇನ್ನೊಬ್ಬರು ಮೆಥುಯನ್ ಊರಿನ ರಾಜ್ಯ ಸೆನೆಟರ್ ಡಯಾನ ಡಿಝೋಗ್ಲಿಯೊ. ಇವರು 2011ರಲ್ಲಿ ಶಾಸನಸಭೆಯಲ್ಲಿ ಒಬ್ಬ ಶಾಸಕರ ಸಹಾಯಕಿ. ಕೆಲಸ ಹೋಯಿತು, ಬಾಯಿ ಬಿಡುವುದಿಲ್ಲ ಅಂತ ಅವರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಮುಂದೆ ಅವರೇ ಗೆದ್ದು ಅದೇ ಸಭೆಗೆ ಬಂದರು. 2018ರಲ್ಲಿ ಸಭೆಯೊಳಗೇ ನಿಂತು ಆ ಒಪ್ಪಂದ ಮುರಿದು ಮಾತಾಡಿದರು. 2022ರಲ್ಲಿ ಅವರ ದೊಡ್ಡ ಭರವಸೆ ಒಂದೇ: ಶಾಸನಸಭೆಯನ್ನೇ ಆಡಿಟ್ ಮಾಡುತ್ತೇನೆ.

ರಿಪಬ್ಲಿಕನ್ ಕಡೆಯಿಂದ ಆಂಟನಿ ಅಮೋರ್. ಬಾಸ್ಟನ್‌ನ ಗಾರ್ಡ್ನರ್ ಮ್ಯೂಸಿಯಂನ ಭದ್ರತಾ ಮುಖ್ಯಸ್ಥರು. 1990ರ ಮಾರ್ಚ್‌ನಲ್ಲಿ 13 ಕಲಾಕೃತಿಗಳು ಕಳುವಾದ ಮ್ಯೂಸಿಯಂ ಅದು. ಇವರು ಸೇರಿದ್ದು ಎಷ್ಟೋ ವರ್ಷ ಆದ ಮೇಲೆ, ಕಳುವಾದದ್ದನ್ನು ಹುಡುಕುವುದೂ ಇವರ ಕೆಲಸ. ಆಗಿನ ಗವರ್ನರ್ ಚಾರ್ಲಿ ಬೇಕರ್ ಇವರನ್ನು ಬೆಂಬಲಿಸಿದರು. ಅಮೋರ್ ವಾದ ಸರಳ: ಸರ್ಕಾರ ಒಂದೇ ಪಕ್ಷದ ಕೈಯಲ್ಲಿರುವಾಗ ಲೆಕ್ಕ ಕೇಳುವವರು ಹೊರಗಿನವರಾಗಿರಬೇಕು. ಇವರಲ್ಲದೆ ಸಣ್ಣ ಪಕ್ಷಗಳ ಮೂವರೂ ಬ್ಯಾಲೆಟ್‌ನಲ್ಲಿದ್ದರು.

ನನ್ನ ಅಳತೆಗೋಲು ಹಿಡಿದು ನೋಡಿ. ಪಾರ್ಟಿ ಮಾತ್ರ ನೋಡಿದರೆ ಅಮೋರ್ ವಾದಕ್ಕೆ ತೂಕ ಇದೆ. ಆದರೆ ಬೇಕರ್ ಬೆಂಬಲ ಪಡೆದವರು, ಬೇಕರ್ ಎಂಟು ವರ್ಷ ನಡೆಸಿದ ಇಲಾಖೆಗಳ ಮೇಲೆ ಅಷ್ಟೇ ಗಟ್ಟಿಯಾಗಿ ಬರೆಯುತ್ತಾರಾ ಅಂತ ಕೇಳಲೇಬೇಕು. ಡೆಂಪ್ಸಿಗೂ ಅಂಥದ್ದೇ ಪ್ರಶ್ನೆ: ಹಾಲಿ ಆಡಿಟರ್ ಬೆನ್ನು ತಟ್ಟಿದವರು ಆ ಕಚೇರಿಯ ಹಳೆಯ ತಪ್ಪುಗಳನ್ನು ಕೆದಕುತ್ತಾರಾ? ಡಿಝೋಗ್ಲಿಯೊ ವಿಷಯ ಎಲ್ಲಕ್ಕಿಂತ ಗೋಜಲು. ತನ್ನದೇ ಪಕ್ಷದ ನಾಯಕರ ಊಟಕ್ಕೆ ಹೋಗದವರು ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಅದೇ ಮನೆಯವರ ಜೊತೆ ಹಳೆಯ ಜಗಳ ಇದೆ. ನನ್ನ ಸೀನಿಯರ್ ಗೆಳೆಯನ ಮೇಲೆ ಬರೆದದ್ದು ಒಂದು. ಜಗಳ ಆಡಿದವರ ಮೇಲೆ ಬರೆಯುವುದು ಇನ್ನೊಂದು. ಎರಡರಲ್ಲೂ ಧೈರ್ಯ ಇರಬಹುದು. ಎರಡನೆಯದನ್ನು ‘ಸೇಡು’ ಅಂತ ತಳ್ಳಿಹಾಕುವುದು ಸುಲಭ.

ಜನ ಡಿಝೋಗ್ಲಿಯೊ ಅವರನ್ನು ಆರಿಸಿದರು. ಪ್ರೈಮರಿಯಲ್ಲಿ ನೂರಕ್ಕೆ 54ರ ಹತ್ತಿರ, ನವೆಂಬರ್‌ನಲ್ಲಿ 55ರ ಹತ್ತಿರ. 2023ರ ಮಾರ್ಚ್‌ನಲ್ಲಿ ಹೇಳಿದ ಹಾಗೆ ಶಾಸನಸಭೆಯ ಆಡಿಟ್ ಶುರು ಅಂದರು. ಎರಡೂ ಸದನದ ಮುಖ್ಯಸ್ಥರು, ಅವರದೇ ಪಕ್ಷದವರು, ಬಾಗಿಲು ತೆಗೆಯಲಿಲ್ಲ. ಶಾಸಕಾಂಗವನ್ನು ಆಡಿಟರ್ ಪರೀಕ್ಷಿಸಿದರೆ ಅಧಿಕಾರ ವಿಂಗಡಣೆ ಮುರಿದ ಹಾಗೆ ಅನ್ನುವುದು ಅವರ ವಾದ. ನವೆಂಬರ್‌ನಲ್ಲಿ ಅಟಾರ್ನಿ ಜನರಲ್ ಆಂಡ್ರಿಯಾ ಕ್ಯಾಂಬೆಲ್ ಕೂಡ, ಆಗಿದ್ದ ಕಾನೂನಿನಲ್ಲಿ ಶಾಸಕರ ಒಪ್ಪಿಗೆ ಇಲ್ಲದೆ ಆಗುವುದಿಲ್ಲ ಅಂದರು. ಆಡಿಟರ್ ನೇರ ಜನರ ಹತ್ತಿರ ಹೋದರು. 2024ರ ನವೆಂಬರ್‌ನ ಬ್ಯಾಲೆಟ್‌ನಲ್ಲಿ ಅದೇ ಮೊದಲ ಪ್ರಶ್ನೆ. ನೂರಕ್ಕೆ 72ರಷ್ಟು ಜನ ‘ಆಡಿಟ್ ಮಾಡಲಿ’ ಅಂದರು. ಅದಾದ ಮೇಲೂ ಜಗಳ ಮುಗಿಯಲಿಲ್ಲ.

ಇದರಿಂದ ನೀವು ಯಾವ ತೀರ್ಮಾನಕ್ಕೆ ಬರುತ್ತೀರೋ ನಿಮಗೆ ಬಿಟ್ಟದ್ದು. ಒಬ್ಬರು ‘ಕೊಟ್ಟ ಮಾತು ಉಳಿಸಿಕೊಂಡರು’ ಅನ್ನುತ್ತಾರೆ. ಇನ್ನೊಬ್ಬರು ‘ಒಂದೇ ಜಗಳದ ಸದ್ದಿನಲ್ಲಿ ಉಳಿದ ಇಲಾಖೆಗಳ ವರದಿ ಯಾರ ಕಿವಿಗೂ ಬೀಳಲಿಲ್ಲ’ ಅನ್ನುತ್ತಾರೆ. ಯಾವುದು ಸರಿ ಅಂತ ನೋಡಲು ಒಂದು ದಾರಿ ಇದೆ, ಯಾರೂ ಮಾಡುವುದಿಲ್ಲ: ವರದಿಗಳನ್ನೇ ಓದುವುದು.

ಹೆದರಬೇಡಿ, ಪೂರ್ತಿ ಓದಬೇಕಿಲ್ಲ. ಆಡಿಟರ್ ಕಚೇರಿಯ ಸೈಟಿನಲ್ಲಿ ಎಲ್ಲ ವರದಿ ಸಿಗುತ್ತವೆ. ನಿಮಗೆ ಗೊತ್ತಿರುವ ಒಂದು ಇಲಾಖೆಯದ್ದು ತೆಗೆಯಿರಿ. ಗಾಡಿ ಲೈಸೆನ್ಸ್ ಮಾಡಿಸುವ ಆರ್.ಎಂ.ವಿ. ಇರಲಿ, ಯಾವುದಾದರೂ ಸರ್ಕಾರಿ ಕಾಲೇಜು ಇರಲಿ. ಮೊದಲು ಆಡಿಟರ್ ಕಂಡುಹಿಡಿದದ್ದು ಬರುತ್ತದೆ. ಆಮೇಲೆ ಏನು ಮಾಡಬೇಕು ಅನ್ನುವ ಸಲಹೆ. ಅದರ ಕೆಳಗೆ ಇಲಾಖೆಯ ಉತ್ತರ. ಅದರ ಕೆಳಗೆ ಆ ಉತ್ತರಕ್ಕೆ ಆಡಿಟರ್‌ನ ಮರು ಉತ್ತರ. ನಮ್ಮ ಹಾಫ್ ಮಾರ್ಜಿನ್ ಹಾಳೆಯೇ, ಇಲ್ಲಿ ಉದ್ದಕ್ಕೆ ಟೈಪ್ ಮಾಡಿದ್ದಾರೆ. ನೀವು ನೇರ ಆ ಕೊನೆಯ ಭಾಗಕ್ಕೆ ಹೋಗಿ. ಇಲಾಖೆ ‘ನಮ್ಮದು ಸರಿ ಇದೆ’ ಅಂತ ವಾದಿಸಿದಾಗ ಆಡಿಟರ್ ಏನು ಮಾಡಿದರು? ದಾಖಲೆ ಇಟ್ಟು ‘ಇಲ್ಲ, ಇಂತಿಂಥ 60 ಫೈಲು ನೋಡಿದೆವು, ಇಷ್ಟರಲ್ಲಿ ಸಹಿ ಇಲ್ಲ’ ಅನ್ನುವ ಧಾಟಿಯಲ್ಲಿ ಬರೆದರಾ? ಇಲ್ಲ, ಸುಮ್ನೆ ದೊಡ್ಡ ದನಿ ಎತ್ತಿದರಾ? ಅಥವಾ ‘ಇಲಾಖೆ ಕ್ರಮ ತೆಗೆದುಕೊಳ್ಳುತ್ತಿರುವುದು ಸಂತೋಷ’ ಅಂತ ಜಾರಿಕೊಂಡರಾ? ಇಂಥ ನಾಲ್ಕು ಓದಿದರೆ ಹಾಲಿ ಆಡಿಟರ್ ಎಂಥವರು ಅಂತ ಟೀವಿ ಚರ್ಚೆಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಎದುರು ನಿಂತವರ ಹತ್ತಿರ ಇಂಥ ವರದಿ ಇರುವುದಿಲ್ಲ. ಅವರು ಹಿಂದೆ ಕೆಲಸ ಮಾಡಿದ ಕಡೆ ತಮ್ಮವರಿಗೇ ಬೇಡವಾದದ್ದನ್ನು ಯಾವಾಗಲಾದರೂ ಬರೆದಿದ್ದಾರಾ, ಹೇಳಿದ್ದಾರಾ ಅಂತ ಹುಡುಕಿ.

ಇನ್ನೊಂದು ಕಡೆಯೂ ಕಣ್ಣು ಹಾಕಿ. ಪ್ರಚಾರಕ್ಕೆ ಯಾರು ದುಡ್ಡು ಕೊಟ್ಟರು ಅಂತ ರಾಜ್ಯದ ಚುನಾವಣಾ ಹಣಕಾಸು ಕಚೇರಿ ಎಲ್ಲವನ್ನೂ ಹೊರಗೆ ಇಡುತ್ತದೆ. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ವರ್ಷಕ್ಕೆ 1,000 ಡಾಲರ್‌ಗಿಂತ ಜಾಸ್ತಿ ಕೊಡುವ ಹಾಗಿಲ್ಲ, ಕಂಪನಿಗಳು ಅಭ್ಯರ್ಥಿಗೆ ಕೊಡುವ ಹಾಗೇ ಇಲ್ಲ. ಹೆಸರಿನ ಪಕ್ಕ ಉದ್ಯೋಗದ ಕಾಲಂ ನೋಡುತ್ತಾ ಹೋಗಿ. ಸರ್ಕಾರಿ ಕಾಂಟ್ರಾಕ್ಟ್ ಇರುವ ಒಂದೇ ಸಂಸ್ಥೆಯ ಎಂಟು ಹತ್ತು ಜನ ಒಂದೇ ವಾರ ಕೊಟ್ಟಿದ್ದರೆ, ಅದು ಊಟದ ಕರೆಯೇ.

ಓದು, ಅನುಭವ ಎಲ್ಲ ಇದ್ದೂ ಜಾರಿದವರು ಇದ್ದಾರೆ. ನಾರ್ತ್ ಕ್ಯಾರೊಲೈನಾದ ಬೆತ್ ವುಡ್ ಸಿ.ಪಿ.ಎ., 2009ರಿಂದ ಆಡಿಟರ್, ಗಟ್ಟಿಗಿತ್ತಿ ಅಂತ ಹೆಸರು. 2022ರ ಡಿಸೆಂಬರ್‌ನಲ್ಲಿ ಒಂದು ಪಾರ್ಟಿ ಮುಗಿಸಿ ಬರುವಾಗ ಸರ್ಕಾರಿ ಕಾರನ್ನು ನಿಂತಿದ್ದ ಕಾರಿಗೆ ಗುದ್ದಿ, ಅಲ್ಲೇ ಬಿಟ್ಟು ಹೋದರು. ಆಮೇಲೆ ಸರ್ಕಾರಿ ಕಾರನ್ನು ಸ್ವಂತಕ್ಕೆ ಬಳಸಿದ ಆರೋಪವೂ ಬಂತು, 2023ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಮತ್ತೆ ಜೀಪಿನ ಲಾಗ್ ಬುಕ್ಕೇ ನೋಡಿ! ಡೆಲವೇರ್‌ನ ಆಡಿಟರ್ ಕ್ಯಾಥಿ ಮೆಕ್‌ಗಿನೆಸ್ ತನ್ನ ಕಚೇರಿಯಲ್ಲೇ ಮಗಳಿಗೆ ಕೆಲಸ ಕೊಟ್ಟ ವಿಷಯದಲ್ಲಿ 2022ರಲ್ಲಿ ತಪ್ಪಿತಸ್ಥೆ ಅಂತ ತೀರ್ಪು ಬಂದು, ಅದೇ ವರ್ಷ ಕುರ್ಚಿ ಬಿಟ್ಟರು. ಇಂಥವು ಓಟು ಹಾಕುವ ದಿನ ಗೊತ್ತಾಗುವುದಿಲ್ಲ, ನಿಜ. ಆದರೂ ಅಭ್ಯರ್ಥಿ ಹಿಂದೆ ಸಾರ್ವಜನಿಕ ಹುದ್ದೆಯಲ್ಲಿದ್ದರೆ ಸಣ್ಣ ಲೆಕ್ಕಗಳಲ್ಲಿ ಹೇಗಿದ್ದರು ಅಂತ ಸ್ಥಳೀಯ ಪತ್ರಿಕೆಗಳಲ್ಲಿ ಒಮ್ಮೆ ನೋಡುವುದು ಒಳ್ಳೆಯದು.

ನಾರ್ತ್ ಕ್ಯಾರೊಲೈನಾ ಕತೆಗೆ ಇನ್ನೊಂದು ತಿರುವಿದೆ. 2024ರಲ್ಲಿ ಅಲ್ಲಿನ ಜನ ಹೊಸ ಆಡಿಟರ್ ಆರಿಸಿದರು. ಓಟು ಹಾಕಿ ಒಂದು ತಿಂಗಳಾದ ಮೇಲೆ ಶಾಸನಸಭೆ ಕಾನೂನು ಬದಲಿಸಿ, ರಾಜ್ಯದ ಚುನಾವಣಾ ಮಂಡಳಿಯನ್ನು ನೇಮಿಸುವ ಅಧಿಕಾರವನ್ನು ಗವರ್ನರ್ ಕೈಯಿಂದ ತೆಗೆದು ಆಡಿಟರ್ ಕೈಗೆ ಕೊಟ್ಟಿತು. ಕೇರಿ, ರ‍್ಯಾಲಿ ಊರುಗಳ ಕಡೆಯ ನಮ್ಮವರು ಲೆಕ್ಕ ನೋಡುವವರು ಅಂತ ಆರಿಸಿದ್ದವರು ಚುನಾವಣೆ ನಡೆಸುವವರನ್ನು ಆರಿಸುವವರಾದರು. ಅಯೊವಾದಲ್ಲಿ ಉಲ್ಟಾ. 2023ರಲ್ಲಿ ಅಲ್ಲಿನ ಶಾಸಕರು ಆಡಿಟರ್‌ಗೆ ಬೇಕಾದ ಮಾಹಿತಿ ಕೋರ್ಟ್ ಮೂಲಕ ಪಡೆಯುವ ದಾರಿಯನ್ನೇ ಕಿರಿದು ಮಾಡಿದರು. ಆ ಆಡಿಟರ್ ರಾಬ್ ಸ್ಯಾಂಡ್ 2022ರಲ್ಲಿ ಮತ್ತೆ ಗೆದ್ದದ್ದು 12 ಲಕ್ಷದಷ್ಟು ಓಟಿನಲ್ಲಿ 3,000ಕ್ಕಿಂತ ಕಡಿಮೆ ಅಂತರದಿಂದ. ಖಾಲಿ ಬಿಟ್ಟರೆ ಬ್ಯಾಲೆಟ್ ತಿರಸ್ಕಾರ ಆಗುವುದಿಲ್ಲ, ಉಳಿದ ಓಟುಗಳು ಲೆಕ್ಕಕ್ಕೆ ಬರುತ್ತವೆ. ಆದರೆ ಈ ಸಾಲಿನಲ್ಲಿ ಗೆಲುವು ಇಷ್ಟು ಸಣ್ಣ ಅಂತರದಲ್ಲಿ ನಿಲ್ಲಬಹುದು. ಬಿಡಬೇಡಿ ಅಂದಿದ್ದು ಅದಕ್ಕೇ.

ಕೆಲವು ಕೈಗೆಟುಕುವ ಮಾತು. ನಿಮ್ಮ ರಾಜ್ಯದಲ್ಲಿ ಅಸಲಿ ಪೈಪೋಟಿ ಎಷ್ಟೋ ಸಲ ಸೆಪ್ಟೆಂಬರ್‌ನ ಪ್ರೈಮರಿಯಲ್ಲೇ ಮುಗಿದಿರುತ್ತದೆ. ಯಾವ ಪಕ್ಷಕ್ಕೂ ಸೇರದೆ ನೋಂದಾಯಿಸಿಕೊಂಡಿದ್ದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿ ಬ್ಯಾಲೆಟ್ ಕೇಳಿ ಪಡೆಯಬಹುದು. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ, ನವೆಂಬರ್‌ವರೆಗೆ ಕಾಯುತ್ತಾರೆ. ಹೆಸರು ನೋಂದಾಯಿಸಲು ಚುನಾವಣೆಗೆ 10 ದಿನ ಮುಂಚೆ ಕೊನೆ. ಅಂಚೆಯಲ್ಲೂ ಓಟು ಹಾಕಬಹುದು. ಮಕ್ಕಳನ್ನು ಮಲಗಿಸಿ ಊಟದ ಮೇಜಿನ ಮೇಲೆ ಇಬ್ಬರೂ ಕೂತು ಬ್ಯಾಲೆಟ್ ತುಂಬುವುದು ಚೆನ್ನಾಗಿರುತ್ತದೆ, ಒಂದೊಂದು ಹೆಸರನ್ನೂ ಹುಡುಕಿ ನೋಡಲು ಸಮಯ ಸಿಗುತ್ತದೆ.

ಆಗುವುದಾದರೆ ಬೇಸಿಗೆಯಲ್ಲಿ ಅಭ್ಯರ್ಥಿಗಳು ಲೈಬ್ರರಿಗೋ ಟೌನ್ ಹಾಲಿಗೋ ಬಂದಾಗ ಒಮ್ಮೆ ಹೋಗಿ. ಗವರ್ನರ್ ಸಭೆಯ ಹಾಗೆ ನೂಕುನುಗ್ಗಲು ಇರುವುದಿಲ್ಲ, ಹತ್ತಿಪ್ಪತ್ತು ಕುರ್ಚಿ ಇರುತ್ತವೆ, ಕೈ ಎತ್ತಿದರೆ ಮೈಕ್ ನಿಮ್ಮ ಹತ್ತಿರವೇ ಬರುತ್ತದೆ. ಒಂದೇ ಪ್ರಶ್ನೆ ಕೇಳಿ: ‘ನಿಮಗೆ ಬೆಂಬಲ ಕೊಟ್ಟಿರುವವರಲ್ಲಿ ಯಾರ ಇಲಾಖೆಯನ್ನು ಮೊದಲು ಆಡಿಟ್ ಮಾಡುತ್ತೀರಿ?’ ಆಮೇಲೆ ಉತ್ತರ ಬರುವ ಮುಂಚಿನ ಎರಡು ಸೆಕೆಂಡು ಅವರ ಮುಖ ನೋಡಿ.